ಅಮ್ಮನನ್ನು ಹೆದರಿಸಲು ಹೊರಟ ಅತ್ತೆ

ನಮ್ಮ ಅತ್ತೆ ಎಷ್ಟು ಜನರನ್ನು ಕೊಂದಿದ್ದಾರೆ ಎಂಬ ಲೆಕ್ಕ ಅವರಿಗೇ ಇಲ್ಲ. ಕತ್ತು ಹಿಸುಕಿ ಕೊಂದಿದ್ದಾರೆ, ಬಾವಿಗೆ ತಳ್ಳಿ ಕೊಂದಿದ್ದಾರೆ, ಕನ್ನಡಿಯೊಳಗಿಂದ ಕೈ ಚಾಚಿ ಎಳೆದುಕೊಂಡು ಹೋಗಿದ್ದಾರೆ. ಅದೂ ಎಲ್ಲಿ? ಬನಶಂಕರಿ ಎರಡನೇ ಹಂತದ ನಮ್ಮ ಬಾಡಿಗೆ ಮನೆಯ ತಾರಸಿಯ ಮೇಲೆ, ಹಾಡಹಗಲಿನಲ್ಲಿ, ಬೀದಿಯ ಹೆಂಗಸರೆಲ್ಲರ ಕಣ್ಣೆದುರಿಗೆ! ಕೈಯಲ್ಲಿ ಆಯುಧ ಏನಿತ್ತು ಎನ್ನುತ್ತೀರಾ? ಲಟ್ಟಣಿಗೆ. ಈ ಕೊಲೆಗಳೆಲ್ಲ ನಡೆಯುತ್ತಿದ್ದದ್ದು ಹಪ್ಪಳ ಮಾಡುವ ಹೊತ್ತಿನಲ್ಲಿ.

ಅತ್ತೆ ಎಂದರೆ ಅಪ್ಪನ ತಂಗಿ. ಮಹಡಿಯ ಮೇಲೆ ನಾವು, ಕೆಳಗೆ ಅತ್ತೆ ಮತ್ತು ಮಾವ. ಮಾವ ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಿದ್ದ ಸಾಧು ಮನುಷ್ಯ. ಮನೆಯಲ್ಲಿ ಇಷ್ಟೊಂದು ಹೆಣ ಬೀಳುತ್ತಿದ್ದರೂ ಪೇಪರ್‌ನಿಂದ ತಲೆ ಎತ್ತಿದವರಲ್ಲ. ಅವರ ಮಾತು ಇಲ್ಲಿಗೆ ಸಾಕು. ಅವರಿಗೂ ಅದೇ ಇಷ್ಟ.

ತೊಂಬತ್ತರ ದಶಕದ ಶುರುವಿನ ಮಾತು. ನಮ್ಮ ಬೀದಿಯ ಹೆಂಗಸರಿಗೆ ದೆವ್ವದ ಸಿನಿಮಾ ನೋಡುವ ಆಸೆ ಬಹಳ, ಧೈರ್ಯ ಮಾತ್ರ ಚೂರೂ ಇಲ್ಲ. ಗಂಡಂದಿರನ್ನು ಕೇಳಿದರೆ ಅವರು ಭಕ್ತಿಯ ಸಿನಿಮಾಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಹಾಗಾಗಿ ಬೀದಿಯ ಪರವಾಗಿ ಅತ್ತೆ ಮ್ಯಾಟಿನಿಗೆ ಹೋಗಿ ನೋಡಿಬರುವುದು, ಮುಂದಿನ ಹಪ್ಪಳದ ದಿನ ಎಲ್ಲರಿಗೂ ಕಥೆ ಹೇಳುವುದು ಎಂದು ತಂತಾನೇ ಒಂದು ಏರ್ಪಾಡಾಗಿತ್ತು. ಹಪ್ಪಳದ ಉಸ್ತುವಾರಿ ನಮ್ಮ ಅಜ್ಜಿಯದು, ಅಂದರೆ ಅಪ್ಪ ಮತ್ತು ಅತ್ತೆಯ ತಾಯಿಯದು. ಅಜ್ಜಿಗೆ ಸಿನಿಮಾ ಬೇಕಿರಲಿಲ್ಲ, ಕೆಲಸ ಬೇಕಿತ್ತು. ದೆವ್ವದ ಕಥೆ ಇದ್ದರೆ ಹೆಂಗಸರು ಸೊಸೆಯಂದಿರ ಸುದ್ದಿ ಮಾತಾಡುವುದಿಲ್ಲ, ಬಾಯಿ ಮುಚ್ಚಿಕೊಂಡು ಲಟ್ಟಿಸುತ್ತಾರೆ ಎಂಬುದು ಅವರ ಲೆಕ್ಕಾಚಾರ.

ಲೆಕ್ಕಾಚಾರದಲ್ಲಿ ಒಂದೇ ಒಂದು ತಪ್ಪಿತ್ತು. ಉದ್ದಿನ ಹಪ್ಪಳ ತೆಳುವಾಗಿ ಬರಬೇಕಾದರೆ ಕೈ ಓಡುತ್ತಲೇ ಇರಬೇಕು. ಅತ್ತೆಯ ಕಥೆಯಲ್ಲಿ ಸದ್ದು ನಿಂತ ಕೂಡಲೇ ತಾರಸಿಯ ಮೇಲಿನ ಅಷ್ಟೂ ಲಟ್ಟಣಿಗೆಗಳು ನಿಂತುಬಿಡುತ್ತಿದ್ದವು. ಆಗ ಮಣೆಯ ಮೇಲಿದ್ದ ಉಂಡೆ ಅರ್ಧ ಲಟ್ಟಿಸಿದ ಹಾಗೇ ಬಿಸಿಲಿಗೆ ಬೀಳುತ್ತಿತ್ತು. ತಿಂಗಳುಗಳ ಮೇಲೆ ಎಣ್ಣೆಗೆ ಬಿಟ್ಟಾಗ ಉಬ್ಬದೆ, ಮಂದವಾಗಿ ಮುದುಡಿಕೊಳ್ಳುವ ಹಪ್ಪಳ ಕಂಡರೆ ಅಜ್ಜಿ ಗುರುತು ಹಿಡಿಯುತ್ತಿದ್ದರು.

"ಇದು ಆ ಬಾವಿ ದೆವ್ವದ ಹಪ್ಪಳ. ಪಕ್ಕಕ್ಕಿಡು, ನೆಂಟ್ರಿಗೆ ಹಾಕ್ಬೇಡ."

ಅತ್ತೆ ಕಥೆ ಹೇಳುವುದನ್ನು ನೀವು ಕೇಳಬೇಕಿತ್ತು. ಬಂಗಲೆ, ಬಂಗಲೆಗೆ ಹೊಸದಾಗಿ ಬಂದ ಗಂಡ ಹೆಂಡತಿ, ಬೇಡ ಹೋಗಬೇಡಿ ಎನ್ನುವ ಜಟಕಾದವನು, ಇವೆಲ್ಲ ಬೇಗ ಬೇಗ ಮುಗಿಯುತ್ತಿದ್ದವು. ಮೊದಲು ಸಾಯುವವನು ಹಾಲಿನವನೋ ಪೋಸ್ಟಿನವನೋ ಆಗಿರುತ್ತಿದ್ದ. "ಮೊದ್ಲನೇ ಹೆಣ ಗುರುತಿಲ್ದೋರದ್ದೇ ಆಗಿರ್ಬೇಕು. ಗುರುತಿರೋರು ಆಗ್ಲೇ ಹೋದ್ರೆ ಆಮೇಲೆ ಯಾರಿಗೋಸ್ಕರ ಹೆದರೋದು?" ಎಂದು ಅತ್ತೆ ಶಾಸ್ತ್ರ ಹೇಳುತ್ತಿದ್ದರು. ಆಮೇಲೆ ದನಿ ತಗ್ಗುತ್ತಿತ್ತು.

"ಆ ಹುಡುಗಿ ದೀಪ ಹಿಡ್ಕೊಂಡು ಮೆಟ್ಲು ಹತ್ತುತಾಳೆ. ಮೇಲಿನ ರೂಮಲ್ಲಿ ಏನೋ ಎಳೆದ ಸದ್ದು. ನಿಂತ್ಕೋತಾಳೆ. ಸದ್ದೂ ನಿಂತ್ಕೊಳ್ಳುತ್ತೆ. ಹತ್ತುತಾಳೆ. ಸದ್ದೂ ಶುರುವಾಗುತ್ತೆ. ಬಾಗ್ಲ ಮೇಲೆ ಕೈ ಇಡ್ತಾಳೆ…" ಇಷ್ಟು ಹೇಳಿ ಅತ್ತೆ ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತಾರೆ. "ಆ ಅಕ್ಕಿ ಹಿಟ್ಟು ಸ್ವಲ್ಪ ಈ ಕಡೆ ತಳ್ರೀ."

ಪಕ್ಕದ ಮನೆಯಲ್ಲಿ ಹೊಸದಾಗಿ ಬಾಡಿಗೆಗೆ ಬಂದಿದ್ದ ಧಾರವಾಡದ ಕಡೆಯ ಅಕ್ಕ ಒಬ್ಬರಿದ್ದರು. ಅವರಿಗೆ ತಡೆಯಲು ಆಗುತ್ತಿರಲಿಲ್ಲ. "ಹಿಟ್ಟಿಗೆ ಬೆಂಕಿ ಬೀಳ್ಲಿ, ಲಗೂ ಹೇಳ್ರೀ ಅಕ್ಕಾರ, ನನ್ನ ಜೀವ ಬಾಯಿಗೆ ಬಂದೈತಿ!"

"ಬಾಗ್ಲು ತಳ್ತಾಳೆ…"

"ಅಯ್ಯಯ್ಯೋ!"

"ಬೆಕ್ಕು."

ಎಲ್ಲರೂ ಉಸಿರು ಬಿಟ್ಟು ನಗುತ್ತಾರೆ. ಧಾರವಾಡದ ಅಕ್ಕ ಎದೆ ಸವರಿಕೊಂಡು ಹೆಚ್ಚೇ ನಗುತ್ತಾರೆ. ಅತ್ತೆಯೂ ನಕ್ಕು, ಅದೇ ನಗುವಿನಲ್ಲಿ ಮೆಲ್ಲಗೆ, "ಅವಳೂ ಹೀಗೇ ನಕ್ಕೊಂಡು ತಿರುಗ್ತಾಳೆ. ಹಿಂದೇನೇ ನಿಂತಿದೆ" ಎನ್ನುತ್ತಾರೆ.

ಆ ದಿನ ಎದ್ದ ಕೂಗಿಗೆ ಧಾರವಾಡದ ಅಕ್ಕನ ಲಟ್ಟಣಿಗೆ ಕೈಜಾರಿ, ತಾರಸಿಯ ಅಂಚಿಗೆ ಉರುಳಿ, ಕೆಳಗೆ ಸೊಪ್ಪಿನ ಗಾಡಿಯ ಪಕ್ಕಕ್ಕೇ ಬಿತ್ತು. ಅಂದಿನಿಂದ ಸೊಪ್ಪಿನವನು ನಮ್ಮ ಬೀದಿಯ ತಿರುವಿನಲ್ಲೇ ನಿಂತು, "ಅಕ್ಕಾ, ಇವತ್ತು ಕಥೆ ಐತಾ?" ಎಂದು ಕೂಗಿ ಕೇಳಿ, ಇಲ್ಲ ಎಂದರೆ ಮಾತ್ರ ಗಾಡಿ ಒಳಗೆ ತರುತ್ತಿದ್ದ.

"ಮೊದ್ಲು ಬೆಕ್ಕು ಬಿಡ್ಬೇಕು ಕಣೆ, ಆಮೇಲೆ ದೆವ್ವ" ಎಂದು ಅತ್ತೆ ನನಗೆ ಗುಟ್ಟು ಹೇಳಿಕೊಟ್ಟಿದ್ದರು. "ಸುಮ್ನೆ ದೆವ್ವ ಬಿಟ್ರೆ ಜನ ಹಲ್ಲು ಕಚ್ಕೊಂಡು ತಯಾರಾಗಿರ್ತಾರೆ. ನಕ್ಕ ಬಾಯಿ ಮುಚ್ಚೋಕೆ ಮುಂಚೆ ಬಿಡ್ಬೇಕು."

ನನಗೇಕೆ ಗುಟ್ಟು ಹೇಳುತ್ತಿದ್ದರು ಎಂದರೆ, ಅತ್ತೆಯ ಜೊತೆ ಟಾಕೀಸಿಗೆ ಹೋಗುತ್ತಿದ್ದವಳು ನಾನು. ಹೈಸ್ಕೂಲಿನಲ್ಲಿದ್ದೆ. ಈಗ ಹೇಳಿದರೆ ಯಾರೂ ನಂಬುವುದಿಲ್ಲ: ನಮ್ಮ ಬೀದಿಗೆಲ್ಲ ದೆವ್ವ ತೋರಿಸುತ್ತಿದ್ದ ಅತ್ತೆ ತಾವು ಒಂದೇ ಒಂದು ದೆವ್ವವನ್ನೂ ನೋಡಿರಲಿಲ್ಲ! ಜಯನಗರದ ಟಾಕೀಸಿನಲ್ಲಿ ಹಿನ್ನೆಲೆ ಸಂಗೀತ ನಿಂತ ಕೂಡಲೇ ಅವರ ಸೆರಗು ಮುಖದ ಮೇಲೆ ಬರುತ್ತಿತ್ತು. "ಸಂಗೀತ ಇರೋವರೆಗೂ ಏನೂ ಆಗಲ್ಲ. ನಿಲ್ಲಿಸಿದ್ರೋ, ಬಂತು ಅಂತ ಅರ್ಥ" ಎನ್ನುತ್ತಿದ್ದರು. ಸೆರಗಿನೊಳಗಿಂದಲೇ ನನ್ನ ಮೊಣಕೈ ತಿವಿದು, "ಏನಾಯ್ತೇ? ಬಂತಾ? ಹೇಗಿದೆ?" ಎಂದು ಕೇಳುತ್ತಿದ್ದರು. ನಾನಾದರೂ ಏನು ಹೇಳಲಿ? ನಾನು ಅದೇ ಸೆರಗಿನ ಇನ್ನೊಂದು ತುದಿಯೊಳಗಿದ್ದೆ.

"ಉದ್ದ ಕೂದ್ಲು ಅತ್ತೆ" ಎಂದು ಬಾಯಿಗೆ ಬಂದದ್ದು ಹೇಳುತ್ತಿದ್ದೆ.

ಅಷ್ಟು ಸಾಕಿತ್ತು ಅವರಿಗೆ. ಮನೆಗೆ ಬರುವ ಬಸ್ಸಿನಲ್ಲಿ ಆ ಕೂದಲಿಗೆ ಮುಖ ಬರುತ್ತಿತ್ತು, ಕಣ್ಣು ಬರುತ್ತಿತ್ತು, ಸತ್ತ ಕಾರಣ ಬರುತ್ತಿತ್ತು. ಬಸ್ಸು ಬನಶಂಕರಿ ಸೇರುವ ಹೊತ್ತಿಗೆ ಮುಂದಿನ ಸೀಟಿನವರು ತಮ್ಮ ಸ್ಟಾಪು ಬಿಟ್ಟು ಕೂತಿರುತ್ತಿದ್ದರು.

ತಾರಸಿಯ ಮೇಲೆ ಎಲ್ಲರೂ ಕಿರುಚುವಾಗ ಒಬ್ಬಳು ಮಾತ್ರ ತಲೆ ಎತ್ತುತ್ತಿರಲಿಲ್ಲ ಎಂದು ಇಷ್ಟು ಹೊತ್ತಿಗೆ ಹೇಳಬೇಕಿತ್ತು. ಅವಳು ನಮ್ಮಮ್ಮ. ಅಮ್ಮನ ಹಪ್ಪಳ ಮೊದಲಿನಿಂದ ಕೊನೆಯವರೆಗೆ ಒಂದೇ ತೆಳು, ಒಂದೇ ಗುಂಡು. ಬೆಕ್ಕಿಗೂ ನಿಲ್ಲುತ್ತಿರಲಿಲ್ಲ, ದೆವ್ವಕ್ಕೂ ನಿಲ್ಲುತ್ತಿರಲಿಲ್ಲ. ಅಷ್ಟೇ ಆಗಿದ್ದರೆ ಅತ್ತೆ ಸಹಿಸಿಕೊಳ್ಳುತ್ತಿದ್ದರೋ ಏನೋ. ಕಥೆ ಮುಕ್ಕಾಲಿಗೆ ಬಂದಾಗ, ದೆವ್ವ ಯಾರು ಎಂದು ಎಲ್ಲರೂ ಉಸಿರು ಬಿಗಿಹಿಡಿದು ಕೂತಾಗ, ಅಮ್ಮ ಉಂಡೆಗೆ ಎಣ್ಣೆ ಸವರುತ್ತಾ, "ಆ ತೋಟದ ಮಾಲಿ ತಾನೆ?" ಎಂದುಬಿಡುತ್ತಿದ್ದಳು.

ಮಾಲಿಯೇ ಆಗಿರುತ್ತಿದ್ದ.

ಅತ್ತೆ ಕೆಂಡಾಮಂಡಲ! ಮುಂದಿನ ಸಲ ಮಾಲಿಯನ್ನು ಬಿಟ್ಟು ಡಾಕ್ಟರನ್ನು ದೆವ್ವ ಮಾಡಿದರು. ಅಮ್ಮ ಡಾಕ್ಟರು ಎಂದಳು. ಅದರ ಮುಂದಿನ ಸಲ ಸತ್ತೇಹೋಗಿದ್ದ ಸೋದರಮಾವನನ್ನು ಎಬ್ಬಿಸಿ ತಂದರು. ಅಮ್ಮ ಅವನನ್ನೂ ಹಿಡಿದಳು. ಒಂದು ದಿನ ಅತ್ತೆ ಅಳುಮೋರೆ ಮಾಡಿಕೊಂಡು ಕೇಳಿಯೇ ಬಿಟ್ಟರು.

"ಅತ್ತಿಗೆ, ನಿಜ ಹೇಳಿ. ನೀವು ಕದ್ದು ಸಿನಿಮಾಗೆ ಹೋಗ್ತೀರಾ?"

"ನಂಗೆ ಬೇರೆ ಕೆಲ್ಸ ಇಲ್ವೇನೇ? ನೀನು ಯಾರನ್ನ ಕಾರಣ ಇಲ್ದೆ ಹೊಗಳ್ತೀಯೋ ಅವರೇ ದೆವ್ವ. ಮಾಲಿ ಎಷ್ಟು ಒಳ್ಳೆಯೋನು, ಎಷ್ಟು ಒಳ್ಳೆಯೋನು ಅಂತ ಮೂರು ಸಲ ಅಂದೆಯಲ್ಲ? ಮಾಲೀನ ಯಾರಾದ್ರೂ ಅಷ್ಟು ಹೊಗಳ್ತಾರಾ?"

ಅಮ್ಮನನ್ನು ಒಂದೇ ಒಂದು ಸಲ ಹೆದರಿಸಬೇಕು, ಅಮ್ಮನ ಕೈಯಿಂದ ಒಂದೇ ಒಂದು ದಪ್ಪ ಹಪ್ಪಳ ಬೀಳಿಸಬೇಕು. ಅತ್ತೆಗೆ ಬದುಕಿನಲ್ಲಿ ಇದ್ದದ್ದು ಅದೊಂದೇ ಗುರಿ. ಬೇರೆಯವರು ಸೈಟು ಕೊಳ್ಳುವ ಕನಸು ಕಾಣುತ್ತಿದ್ದ ಕಾಲದಲ್ಲಿ ಅತ್ತೆ ಇದರ ಕನಸು ಕಾಣುತ್ತಿದ್ದರು. "ದೆವ್ವಾನೇ ಇಲ್ಲ ಅಂತ ನಗ್ತಾರಲ್ಲ ಅತ್ತಿಗೆ, ಅಂಥೋರು ಸಿನಿಮಾದಲ್ಲಿ ಇಂಟರ್ವಲ್ ದಾಟಲ್ಲ, ಗೊತ್ತಾ?" ಎಂದು ಒಮ್ಮೆ ಸೋತ ಸಿಟ್ಟಿನಲ್ಲಿ ಹೇಳಿದರು. "ಹಂಗಾದ್ರೆ ನನ್ನ ಲೆಕ್ಕ ಮುಗೀತು ಅನ್ನು" ಎಂದು ಅಮ್ಮ ನಕ್ಕಳು. ಎಲ್ಲರೂ ನಕ್ಕರು.

ಅತ್ತೆಯ ಈ ವಿದ್ಯೆ ತಾರಸಿಯ ಮೇಲೇ ಇದ್ದಿದ್ದರೆ ನಾವು ಬದುಕಿಕೊಳ್ಳುತ್ತಿದ್ದೆವು. ಅದು ಮನೆಯೊಳಗೂ ಬಂತು. ಯಾವ ಸುದ್ದಿಯನ್ನೂ ಅವರು ನೆಟ್ಟಗೆ ಹೇಳುತ್ತಿರಲಿಲ್ಲ. ಗ್ಯಾಸ್ ಮುಗಿದದ್ದನ್ನು ಹೇಳುವಾಗಲೂ, "ಉರಿ ನೀಲಿ ಇತ್ತು… ಆಮೇಲೆ ಕೆಂಪಾಯ್ತು…" ಎಂದು ಶುರುಮಾಡುತ್ತಿದ್ದರು. ನನ್ನ ಎಸ್ಸೆಸ್ಸೆಲ್ಸಿ ರಿಸಲ್ಟಿನ ದಿನ ನನಗೆ ಜ್ವರ. ಅಪ್ಪ ಆಫೀಸಿಗೆ ರಜೆ ಹಾಕಿ ನನ್ನ ಪಕ್ಕ ಕೂತಿದ್ದರು. ಸ್ಕೂಲಿಗೆ ಹೋಗಿ ನೋಟಿಸ್ ಬೋರ್ಡ್ ನೋಡಿಬರಲು ಅತ್ತೆಯನ್ನು ಕಳಿಸಿದ್ದೇ ತಪ್ಪಾಯಿತು. ಬಂದವರು ಚಪ್ಪಲಿ ಬಿಟ್ಟರು, ನೀರು ಕೇಳಿ ಕುಡಿದರು, ಕೂತರು.

"ಸ್ಕೂಲ್ ಹತ್ರ ಬಸ್ ಇಳಿದ್ನಾ, ಒಂದು ನರಪಿಳ್ಳೆ ಇಲ್ಲ. ಎಲ್ಲಾ ಕಡೆ ಸೈಲೆಂಟು."

"ಪಾಸೋ ಫೇಲೋ ಹೇಳೇ!" ಎಂದರು ಅಪ್ಪ.

"ತಡಿ ಅಣ್ಣಾ, ಇನ್ನೂ ಗೇಟ್ ಹತ್ರಾನೇ ಬಂದಿಲ್ಲ ನಾನು. ಗೇಟ್ ಅರ್ಧ ತೆಗೆದಿದೆ. ಒಳಗೆ ಒಂದು ಹುಡುಗಿ ಗೋಡೆ ಕಡೆ ಮುಖ ಮಾಡ್ಕೊಂಡು ನಿಂತಿದಾಳೆ. ಅಳ್ತಿದಾಳೋ, ನಗ್ತಿದಾಳೋ, ಗೊತ್ತಾಗ್ತಿಲ್ಲ…"

ನನ್ನ ಜ್ವರ ಅಲ್ಲೇ ಏರಿತು. ಅಪ್ಪ ಎದ್ದು ನಿಂತರು, ಕೂತರು, ಮತ್ತೆ ನಿಂತರು. ಅತ್ತೆ ಬೋರ್ಡಿನ ಹತ್ತಿರ ಬಂದು, ಬೆರಳಿಟ್ಟು ಮೇಲಿನಿಂದ ನಂಬರು ಹುಡುಕುತ್ತಿದ್ದರು. ನನ್ನ ಹಿಂದಿನ ನಂಬರು ಇತ್ತಂತೆ. ಅದರ ಕೆಳಗೆ ಇಟ್ಟ ಬೆರಳು ನಡುಗಿತಂತೆ. ಆಗ ಅಡುಗೆಮನೆಯಿಂದ ಅಮ್ಮನ ದನಿ ಕೇಳಿಸಿತು.

"ಪಾಸಾಗಿದಾಳೆ ಬಿಡ್ರೀ. ಫೇಲಾಗಿದ್ರೆ ಇವಳು ಇಷ್ಟು ನಿಧಾನವಾಗಿ ಬಸ್ಸಲ್ಲಿ ಬರ್ತಿರ್ಲಿಲ್ಲ, ಅತ್ಕೊಂಡು ಆಟೋದಲ್ಲಿ ಬಂದಿರೋಳು."

ನಾನು ಪಾಸಾಗಿದ್ದೆ, ಫಸ್ಟ್ ಕ್ಲಾಸಿನಲ್ಲಿ. ಆದರೆ ಆ ದಿನ ಮನೆಯಲ್ಲಿ ಸಮಾಧಾನ ಮಾಡಬೇಕಾಗಿ ಬಂದದ್ದು ಅತ್ತೆಯನ್ನು. ಇನ್ನು ಮುಂದೆ ಈ ಮನೆಗೆ ಇವಳು ಯಾವ ಸುದ್ದಿಯನ್ನೂ ತರಕೂಡದು ಎಂದು ಅಪ್ಪ ಕಟ್ಟಪ್ಪಣೆ ಮಾಡಿದರು.

ಹೀಗೇ ವರ್ಷಗಳು ಹೋದವು. ಮನೆಮನೆಗೆ ಕೇಬಲ್ ಬಂತು, ದೆವ್ವಗಳು ಟೀವಿಯಲ್ಲೇ ಸಿಗತೊಡಗಿದವು. ಆದರೂ ನಮ್ಮ ಬೀದಿಯವರು ಅತ್ತೆಯನ್ನು ಬಿಡಲಿಲ್ಲ. "ಟೀವ್ಯಾಗ ನೋಡಿದ್ರ ಅಂಜಿಕಿನ ಬರೂದಿಲ್ರೀ, ನೀವು ಹೇಳಿದ್ರ ರೊಟ್ಟಿ ಬಡ್ಯಾಕೂ ಕೈ ನಡುಗತಾವ" ಎನ್ನುತ್ತಿದ್ದರು ಧಾರವಾಡದ ಅಕ್ಕ. ಅಮ್ಮ ಮಾತ್ರ ಹಾಗೆಯೇ ತೆಳ್ಳಗೆ ಲಟ್ಟಿಸುತ್ತಿದ್ದಳು, ಹಾಗೆಯೇ ದೆವ್ವ ಹಿಡಿಯುತ್ತಿದ್ದಳು.

ನಾನು ಡಿಗ್ರಿ ಎರಡನೇ ವರ್ಷದಲ್ಲಿದ್ದಾಗ ಅಮ್ಮನಿಗೆ ಹೊಟ್ಟೆನೋವು ಶುರುವಾಯಿತು. ಮೊದಮೊದಲು ಜೀರಿಗೆ ಕಷಾಯ ಕುಡಿದಳು. ಗ್ಯಾಸ್ಟ್ರಿಕ್ ಎಂದಳು. ಒಂದು ದಿನ ಸಾರಿಗೆ ಒಗ್ಗರಣೆ ಹಾಕುತ್ತಿದ್ದವಳು ಸೌಟು ಹಿಡಿದುಕೊಂಡೇ ನೆಲದ ಮೇಲೆ ಕೂತುಬಿಟ್ಟಳು. ಡಾಕ್ಟರು ಸ್ಕ್ಯಾನ್ ಮಾಡಿಸಿ, ಹೊಟ್ಟೆಯಲ್ಲಿ ಗಡ್ಡೆ ಇದೆ, ಬೇಗ ಆಪರೇಷನ್ ಆಗಬೇಕು ಎಂದರು. ಎಂಥ ಗಡ್ಡೆ ಎಂದು ಅಪ್ಪ ಕೇಳಿದರು. ಆ ಒಂದು ಶಬ್ದವನ್ನು ಬಾಯಿಬಿಟ್ಟು ಹೇಳಲು ನಮಗೆ ಯಾರಿಗೂ ಧೈರ್ಯವಿರಲಿಲ್ಲ.

"ಅದು ಓಪನ್ ಮಾಡಿ ನೋಡಿದ್ಮೇಲೇ ಹೇಳೋಕಾಗೋದು" ಎಂದರು ಡಾಕ್ಟರು.

ಅತ್ತೆಯ ಮುಖ ಆಗ ನೋಡಬೇಕಿತ್ತು. ಅಷ್ಟು ವರ್ಷ ಊರನ್ನೆಲ್ಲ ಮುಚ್ಚಿದ ಬಾಗಿಲ ಮುಂದೆ ನಿಲ್ಲಿಸಿ ಮಜಾ ನೋಡಿದವರು, ಈಗ ತಾವೇ ಅಂಥ ಬಾಗಿಲ ಮುಂದೆ ನಿಂತಿದ್ದರು.

ಆ ವಾರವೆಲ್ಲ ಅತ್ತೆ ಬೇರೆಯೇ ಮನುಷ್ಯರಾಗಿದ್ದರು. ಮೇಲೆ ಬರುವರು, ಅಮ್ಮನನ್ನು ದೂರದಿಂದ ನೋಡುವರು, ಕೆಳಗೆ ಹೋಗುವರು. ಒಂದು ಸಂಜೆ ನನ್ನನ್ನು ಮೆಟ್ಟಿಲ ಮೇಲೆ ಹಿಡಿದು ನಿಲ್ಲಿಸಿದರು.

"ಹೋದ ತಿಂಗ್ಳು ನಿಮ್ಮನೇಲಿ ಸತ್ಯನಾರಾಯಣ ಪೂಜೆ ಆಯ್ತಲ್ಲ. ಎಲ್ರೂ ಎಷ್ಟು ನಗ್ತಿದ್ವಿ. ನಿಮ್ಮಮ್ಮ ಹಾಡು ಬೇರೆ ಹೇಳಿದ್ರು."

"ಹೌದು ಅತ್ತೆ. ಅದಕ್ಕೇನೀಗ?"

"ಹಾಡು ಆಗೋಯ್ತಲ್ಲೇ" ಎಂದು ಅತ್ತೆ ಪಿಸುಗುಟ್ಟಿದರು. "ಮನೆಯವ್ರೆಲ್ಲ ಸೇರ್ಕೊಂಡು ಸಂತೋಷವಾಗಿ ಒಂದು ಹಾಡು ಹೇಳಿದ್ರೆ, ಆಮೇಲೇನೇ…"

ನನಗೆ ನಗು ಬರಬೇಕಿತ್ತು. ಬರಲಿಲ್ಲ. ಹೌದಲ್ಲ, ಸಿನಿಮಾದಲ್ಲಿ ಹಾಡಾದ ಮೇಲೆಯೇ ತಾನೆ ಹೆಣ ಬೀಳುವುದು? ಬುದ್ಧಿ ಇದು ಹುಚ್ಚು ಎಂದರೂ ಎದೆ ಕೇಳಲಿಲ್ಲ. ಅಲ್ಲಿಂದ ನಾನೂ ಅತ್ತೆಯ ಹಾಗೆಯೇ ಎಲ್ಲದರಲ್ಲೂ ಗುರುತು ಹುಡುಕತೊಡಗಿದೆ. ಮನೆಯಲ್ಲಿ ಸದ್ದಿಲ್ಲದಿದ್ದರೆ ಹೆದರಿಕೆ. ಅಪ್ಪ ಜೋಕ್ ಹೇಳಿದರೆ ಇನ್ನೂ ಹೆದರಿಕೆ. ಡಾಕ್ಟರು ಬಹಳ ಒಳ್ಳೆಯವರು ಎಂದು ಯಾರಾದರೂ ಹೊಗಳಿದರೆ ಎದ್ದು ಹೊರಗೆ ಹೋಗಿಬಿಡುತ್ತಿದ್ದೆ.

ಅಮ್ಮನೊಬ್ಬಳು ಎಂದಿನಂತೆಯೇ ಇದ್ದಳು. ಹುಣಸೆಹಣ್ಣು ಎಲ್ಲಿದೆ, ಹಾಲಿನ ಕೂಪನ್ ಎಲ್ಲಿದೆ ಎಂದು ನನಗೆ ತೋರಿಸಿಕೊಟ್ಟಳು. "ನಂಗೇನಾಗುತ್ತೆ? ಸುಮ್ನೆ ಎಲ್ರೂ ಇಷ್ಟು ಮೋರೆ ಹಾಕ್ಕೊಂಡು ಓಡಾಡ್ಬೇಡಿ" ಎಂದು ನಕ್ಕಳು. ಆ ನಗು ಕೇಳಿದ್ದೇ ತಡ, ಅತ್ತೆ ಬಾಗಿಲ ಹಿಂದೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡರು. ಅವರಿಗೆ ಯಾವ ಮಾತು ನೆನಪಾಯಿತು ಎಂದು ನನಗೆ ಗೊತ್ತಾಯಿತು. ಇಂಟರ್ವಲ್ ದಾಟಲ್ಲ ಎಂದು ತಾರಸಿಯ ಮೇಲೆ ಎಲ್ಲರ ಮುಂದೆ ಹೇಳಿದವರು ಅವರೇ ಅಲ್ಲವೇ!

ಆಪರೇಷನ್ ಜಯನಗರದ ಕಡೆಯ ಒಂದು ನರ್ಸಿಂಗ್ ಹೋಮಿನಲ್ಲಿ. ಬೆಳಿಗ್ಗೆ ಅಮ್ಮನಿಗೆ ಹಸಿರು ಗೌನು ಹಾಕಿ, ಬಳೆ ತೆಗೆಸಿ, ಮಂಚದ ಮೇಲೆ ಮಲಗಿಸಿದ್ದರು. ಅಪ್ಪ ಯಾವುದೋ ಔಷಧಿ ತರಲು ಕೆಳಗೆ ಹೋಗಿದ್ದರು. ರೂಮಿನಲ್ಲಿ ನಾವು ಮೂವರೇ. ಅತ್ತೆ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು, ಅಮ್ಮನ ಕೈ ಹಿಡಿದುಕೊಂಡು, ನಾನು ಇಷ್ಟು ವರ್ಷಕ್ಕೂ ಮರೆಯಲಾಗದ ಒಂದು ಮಾತು ಹೇಳಿದರು.

"ಅತ್ತಿಗೆ, ದಮ್ಮಯ್ಯ ಅಂತೀನಿ. ಒಂದೇ ಒಂದ್ಸಲ ಹೆದರ್ಕೊಳ್ಳಿ."

ಅಮ್ಮ ಕಣ್ಣರಳಿಸಿದಳು. "ಏನಂದೆ?"

"ಹೆದರ್ದೇ ಇರೋರ್ಗೇ ಅತ್ತಿಗೆ ಏನಾದ್ರೂ ಆಗೋದು. ಹೆದರಿದೋರು ಕೊನೇವರೆಗೂ ಇರ್ತಾರೆ. ಎಲ್ಲಾ ಕಥೇಲೂ ಹಂಗೇನೇ. ಈಗೊಂದು ಕಥೆ ಹೇಳ್ತೀನಿ. ನಗ್ಬೇಡಿ. ನನಗೋಸ್ಕರ ಒಂಚೂರು ಹೆದರ್ಕೊಂಡ್ಬಿಡಿ."

ಎಂಥ ತಲೆಹರಟೆ ಎನ್ನಿಸುತ್ತದೆಯಲ್ಲವೇ? ಕೊಯ್ಯಿಸಿಕೊಳ್ಳಲು ಹೊರಟವಳಿಗೆ ಯಾರಾದರೂ ದೆವ್ವದ ಕಥೆ ಹೇಳುತ್ತಾರೆಯೇ? ನಾನು ತಡೆಯಬೇಕೆಂದು ಬಾಯಿ ತೆರೆದೆ. ಅಮ್ಮ ಕೈ ಸನ್ನೆ ಮಾಡಿ ನನ್ನನ್ನು ಸುಮ್ಮನಾಗಿಸಿ, "ಹೇಳು" ಎಂದಳು.

"ಒಂದು ಮನೆ" ಎಂದರು ಅತ್ತೆ. "ಬಂಗಲೆ ಅಲ್ಲ. ನಮ್ಮಂಥದ್ದೇ ಮನೆ. ಅದ್ರಲ್ಲಿ ಒಬ್ರು ಹೆಂಗ್ಸು. ಆ ಮನೇಲಿ ಒಂದು ಬಾಗ್ಲು ಇದೆ, ಯಾವಾಗ್ಲೂ ಮುಚ್ಚೇ ಇರುತ್ತೆ. ಒಂದಿನ ಬೆಳಿಗ್ಗೆ ಎದ್ದು ನೋಡಿದ್ರೆ ಬಾಗ್ಲ ಚಿಲಕ ತೆಗೆದಿದೆ."

"ಮಾಲಿ ತೆಗೆದ್ನಾ?" ಅಮ್ಮನ ತುಟಿಯಲ್ಲಿ ನಗು ಇತ್ತು.

"ಮಾಲಿ ಇಲ್ಲ ಅತ್ತಿಗೆ ಈ ಕಥೇಲಿ."

"ಡಾಕ್ಟರು?"

"ಡಾಕ್ಟರೂ ಇಲ್ಲ. ಆ ಹೆಂಗ್ಸು ಒಬ್ರೇ. ಬಾಗ್ಲ ಹತ್ರ ಹೋಗ್ತಾರೆ. ಕಿವಿ ಇಡ್ತಾರೆ. ಆ ಕಡೆ ಯಾರೋ ಉಸಿರಾಡ್ತಿದಾರೆ. ಇವ್ರು ಉಸಿರು ಹಿಡಿದ್ರೆ ಅವ್ರೂ ಹಿಡೀತಾರೆ. ಇವ್ರು ಬಿಟ್ರೆ ಅವ್ರೂ ಬಿಡ್ತಾರೆ."

ಇದು ಎಂದಿನ ಕಥೆಯಂತಿರಲಿಲ್ಲ. ಬೆಕ್ಕು ಬರಲಿಲ್ಲ. ಹಿಟ್ಟು ತಳ್ಳಿ ಎನ್ನುವ ಆಟವಿರಲಿಲ್ಲ. ಅತ್ತೆ ಯಾರನ್ನೂ ಹೊಗಳಲೂ ಇಲ್ಲ. ಅಮ್ಮನ ನಗು ಮೆಲ್ಲಗೆ ಇಳಿಯುತ್ತಾ ಹೋದದ್ದನ್ನು ನಾನು ನೋಡಿದೆ.

"ಯಾರೇ ಅದು?"

"ಆ ಹೆಂಗ್ಸು ಬಾಗ್ಲ ಮೇಲೆ ಕೈ ಇಡ್ತಾರೆ. ಬಾಗ್ಲು ತಣ್ಣಗಿದೆ. ತಳ್ತಾರೆ. ಒಂದು ಎಳೆಯಷ್ಟು ತೆಗೆಯುತ್ತೆ. ಒಳಗಡೆಯಿಂದ…"

ನಿಜವಾಗಿಯೂ ಬಾಗಿಲು ತೆರೆಯಿತು! ನಾವು ಮೂವರೂ ಬೆಚ್ಚಿಬಿದ್ದೆವು. ವಾರ್ಡ್‌ಬಾಯ್ ಮತ್ತು ನರ್ಸು ಸ್ಟ್ರೆಚರ್ ತಳ್ಳಿಕೊಂಡು ಬಂದಿದ್ದರು. ಅಮ್ಮನನ್ನು ಎತ್ತಿ ಅದರ ಮೇಲೆ ಮಲಗಿಸಿದರು. ಕಾರಿಡಾರಿನ ಉದ್ದಕ್ಕೂ ಅತ್ತೆ ಪಕ್ಕದಲ್ಲೇ ಓಡುತ್ತಾ ಬಂದರು. ಅಮ್ಮ ಅವರ ಸೀರೆಯ ನೆರಿಗೆ ಹಿಡಿದುಕೊಂಡು, "ಯಾರಿದ್ರು ಹೇಳಿಬಿಡೇ, ಬಾಗ್ಲ ಹಿಂದೆ ಯಾರಿದ್ರು?" ಎಂದು ಕೇಳುತ್ತಿದ್ದಳು.

"ನೀವು ವಾಪಸ್ ಬಂದ್ಮೇಲೆ ಹೇಳ್ತೀನಿ ಅತ್ತಿಗೆ. ಬಂದ್ರೇನೇ ಹೇಳೋದು!"

ಥಿಯೇಟರಿನ ಬಾಗಿಲು ಮುಚ್ಚಿತು. ಮೇಲಿನ ಕೆಂಪು ದೀಪ ಹತ್ತಿತು.

ಕಾರಿಡಾರಿನ ಬೆಂಚಿನ ಮೇಲೆ ಅಪ್ಪ, ನಾನು, ಅತ್ತೆ. ಡಾಕ್ಟರು ಹೇಳಿದ್ದ ಹೊತ್ತು ಆಯಿತು. ಮೀರಿತು. ಒಬ್ಬ ನರ್ಸು ಹೊರಗೆ ಬಂದು ಯಾರನ್ನೂ ನೋಡದೆ ಓಡಿದಳು, ಎರಡು ಬಾಟಲಿ ರಕ್ತ ಹಿಡಿದುಕೊಂಡು ಮತ್ತೆ ಓಡುತ್ತಾ ಒಳಗೆ ಹೋದಳು. ಅಪ್ಪ ಎದ್ದು ಗೋಡೆಯ ಕಡೆ ಮುಖ ಮಾಡಿ ನಿಂತರು. ಎಲ್ಲೋ ತಿರುಗುತ್ತಿದ್ದ ಫ್ಯಾನನ್ನು ಯಾರೋ ಆರಿಸಿದರು. ಸದ್ದೇ ಇಲ್ಲ. ಅತ್ತೆ ನನ್ನ ಕೈಯನ್ನು ನೋವಾಗುವಂತೆ ಹಿಡಿದರು. ಅವರ ಸೆರಗು ಮಾತ್ರ ಈ ಸಲ ಮುಖದ ಮೇಲೆ ಬರಲಿಲ್ಲ. ಆ ಬಾಗಿಲನ್ನು ರೆಪ್ಪೆ ಬಡಿಯದೆ ನೋಡುತ್ತಿದ್ದರು.

ಆ ಮೌನ ತಡೆಯಲಾಗದೆ ನಾನು ಕೇಳಿದೆ. "ಅತ್ತೆ, ಆ ಕಥೇಲಿ ಬಾಗ್ಲ ಹಿಂದೆ ಯಾರಿರ್ತಾರೆ?"

"ನಂಗೊತ್ತಿಲ್ಲ ಕಣೆ. ಅಂಥ ಸಿನಿಮಾನೇ ಇಲ್ಲ. ಬಾಯಿಗೆ ಬಂದಿದ್ದು ಹೇಳ್ದೆ. ಪೂರ್ತಿ ಹೇಳಿಬಿಟ್ರೆ, ಸರಿ ಆಯ್ತು ಅಂತ ಹೊರಟುಬಿಡ್ತಾರೇನೋ ಅಂತ ಭಯ ಆಯ್ತು. ಅದಕ್ಕೇ ಎಳೀತಾ ಇದ್ದೆ."

ಕೆಂಪು ದೀಪ ಆರಿತು. ಡಾಕ್ಟರು ಮುಖಕ್ಕೆ ಕಟ್ಟಿದ ಬಟ್ಟೆ ಇಳಿಸುತ್ತಾ ಬಂದರು. ಅಪ್ಪನ ಮುಂದೆ ನಿಂತು ನಿಧಾನವಾಗಿ ಶುರುಮಾಡಿದರು. "ನೋಡಿ, ನಾವು ಓಪನ್ ಮಾಡಿದಾಗ, ಗಡ್ಡೆ ನಾವಂದುಕೊಂಡಿದ್ದಕ್ಕಿಂತ ದೊಡ್ಡದಾಗಿತ್ತು. ಆಮೇಲೆ ಸ್ವಲ್ಪ ಬ್ಲೀಡಿಂಗ್…"

"ಡಾಕ್ಟ್ರೇ!" ಅತ್ತೆ ಕಾರಿಡಾರೇ ನಡುಗುವ ಹಾಗೆ ಕೂಗಿದರು. "ಮೊದ್ಲು ಕೊನೆ ಹೇಳಿ ಡಾಕ್ಟ್ರೇ, ಕೈ ಮುಗೀತೀನಿ!"

ಡಾಕ್ಟರು ಬೆಪ್ಪಾದರು. "ಚೆನ್ನಾಗಿದಾರೆ. ಕ್ಯಾನ್ಸರ್ ಅಲ್ಲ" ಎಂದರು.

ಅಪ್ಪ ಹಾಗೆಯೇ ಬೆಂಚಿನ ಮೇಲೆ ಕುಸಿದು ಕೂತರು. ನಾನು ಅತ್ತುಬಿಟ್ಟೆ. ಅತ್ತೆ ಅಳಲಿಲ್ಲ. ಅಷ್ಟು ಹೊತ್ತು ಉಳಿಸಿಕೊಂಡಿದ್ದ ಉಸಿರನ್ನೆಲ್ಲ ಒಮ್ಮೆಗೇ ಬಿಟ್ಟು, "ಬ್ಲೀಡಿಂಗ್ ಅಂತೆ, ಬ್ಲೀಡಿಂಗು! ಹಿಂಗಾ ಸುದ್ದಿ ಹೇಳೋದು? ಮನುಷ್ಯರಿಗೆ ಸ್ವಲ್ಪಾನಾದ್ರೂ ಕರುಣೆ ಬೇಡ್ವಾ?" ಎಂದು ಡಾಕ್ಟರ ಬೆನ್ನ ಹಿಂದೆ ಬೈದರು. ಯಾರು ಯಾರಿಗೆ ಹೇಳುತ್ತಿದ್ದಾರೆ ನೋಡಿ! ಅಪ್ಪ ಆ ಸ್ಥಿತಿಯಲ್ಲೂ ತಲೆ ಎತ್ತಿ ತಂಗಿಯನ್ನು ಒಂದು ನೋಟ ನೋಡಿದರು.

ಮಧ್ಯಾಹ್ನ ಅಮ್ಮನನ್ನು ರೂಮಿಗೆ ತಂದರು. ಮೂಗಿಗೆ ನಳಿಕೆ, ಕೈಗೆ ಡ್ರಿಪ್ಪು. ಮುಖ ಬಿಳಿಚಿಕೊಂಡು ಚಿಕ್ಕದಾಗಿತ್ತು. ಅಪ್ಪ ಹೆಸರು ಹಿಡಿದು ಕರೆದರು, ಕಣ್ಣು ತೆರೆಯಲಿಲ್ಲ. ನಾನು ಅಮ್ಮಾ ಎಂದೆ, ರೆಪ್ಪೆ ಅಲುಗಿತು. ತುಟಿ ಒಣಗಿತ್ತು. ನರ್ಸು ಹತ್ತಿಯಲ್ಲಿ ನೀರು ಒತ್ತಿದಳು. ಎಷ್ಟೋ ಹೊತ್ತಿನ ಮೇಲೆ ಅಮ್ಮ ಕಣ್ಣು ಬಿಟ್ಟು, ನಮ್ಮೆಲ್ಲರ ಮುಖಗಳನ್ನು ದಾಟಿ, ಬಾಗಿಲ ಹತ್ತಿರ ಮುದುಡಿ ನಿಂತಿದ್ದ ಅತ್ತೆಯನ್ನು ಹುಡುಕಿದಳು. ದನಿ ಕೇಳಿಸುವುದೇ ಕಷ್ಟವಿತ್ತು.

"ಬಾಗ್ಲ ಹಿಂದೆ… ಯಾರೇ ಇದ್ದಿದ್ದು?"

ಯಾವ ಕಥೆಗೂ ಕೊನೆ ಹುಡುಕಲು ತಡವರಿಸಿದವರಲ್ಲ ನಮ್ಮತ್ತೆ. ಇಡೀ ಬೀದಿ ಕಿರುಚುವಂಥ ಕೊನೆ ಅವರ ನಾಲಿಗೆಯ ತುದಿಯಲ್ಲಿರುತ್ತಿತ್ತು. ಮಂಚದ ಹತ್ತಿರ ಬಂದು, ಅಮ್ಮನ ಮುಖದ ಮೇಲೆ ಬಗ್ಗಿ, ತಲೆಯಾಡಿಸಿದರು.

"ಯಾರೂ ಇರ್ಲಿಲ್ಲ ಅತ್ತಿಗೆ."

"ಥೂ ನಿನ್ನ" ಎಂದಳು ಅಮ್ಮ. "ಇಷ್ಟಕ್ಕಾ ನಾನು ಅಷ್ಟು ಹೆದರಿದ್ದು?"

ಅತ್ತೆ ಗರಬಡಿದವರಂತೆ ನಿಂತರು. ಇಷ್ಟು ವರ್ಷ ಕಾದಿದ್ದ ಮಾತು ಅದು. "ಹೆದರಿದ್ರಾ ಅತ್ತಿಗೆ? ನಿಜವಾಗ್ಲೂ?"

"ಹೂಂ ಕಣೇ." ಅಮ್ಮನ ಕಣ್ಣಿನಿಂದ ನೀರು ಇಳಿದು ಕಿವಿಯ ಕಡೆ ಹೋಯಿತು. "ತುಂಬಾ ಹೆದರಿದ್ದೆ. ಕಥೆಗಲ್ಲ. ಮೊದಲ್ನೇ ದಿನದಿಂದ್ಲೂ."

ಅತ್ತೆ ಗೆದ್ದ ಖುಷಿಯಲ್ಲಿ ಕುಣಿಯುತ್ತಾರೆ ಎಂದುಕೊಂಡಿರಾ? ಅವರು ಸೆರಗಿನಿಂದ ಅಮ್ಮನ ಕಣ್ಣೊರೆಸಿದರು, ಕೆನ್ನೆ ಒರೆಸಿದರು, ಮತ್ತೆ ಕಣ್ಣೊರೆಸಿದರು. ತಮ್ಮ ಕಣ್ಣು ಸುರಿಯುತ್ತಿದ್ದದ್ದು ಅವರಿಗೆ ಗೊತ್ತೇ ಇರಲಿಲ್ಲ.

"ಬೇಡ ಅತ್ತಿಗೆ, ಹೆದರ್ಕೋಬೇಡಿ. ಬಾಗ್ಲು ತೆಗೆದೇ ಇದೆ ನೋಡಿ. ಯಾರೂ ಇಲ್ಲ. ನಾನೇ ಇರೋದು."